ಮುದ್ದಮ್ಮನ ಎಣ್ಣೆ ಚುಕ್ಕೆ

ಮುದ್ದಮ್ಮನವರನ್ನು ನಾನು ಈಗ ಬಹುವಚನದಲ್ಲಿ ಮಾತಾಡಿಸುತ್ತೇನೆ. ಇಪ್ಪತ್ತು ವರ್ಷದ ಹಿಂದೆ ಕಾಲೇಜಿನಲ್ಲಿದ್ದಾಗ, ಮೀಸೆ ಸರಿಯಾಗಿ ಮೂಡಿರದ ನಾವು ಹುಡುಗರು ತಾಯಿ ವಯಸ್ಸಿನ ಆ ಹೆಂಗಸನ್ನು 'ಏ ಮುದ್ದಮ್ಮ, ಲೆನ್ಸ್ ತಗೊಂಡು ಬಾ' ಎಂದು ಕೂಗುತ್ತಿದ್ದೆವು. ಮೇಷ್ಟ್ರುಗಳು ಹಾಗೆ ಕೂಗುತ್ತಿದ್ದರು, ನಾವೂ ಕಲಿತೆವು. ಆ ಕಾಲೇಜಿನಲ್ಲಿ ನಾವು ಒಂದು ತಪ್ಪೂ ಇಲ್ಲದೆ ಕಲಿತ ಪಾಠ ಅದೊಂದೇ.

ಕಾಲೇಜಿನ ಹೆಸರು ಬೇಡ. ಭೌತಶಾಸ್ತ್ರ ವಿಭಾಗದಲ್ಲಿ ಮುದ್ದಮ್ಮ ಮೂವತ್ತೊಂದು ವರ್ಷ ಅಟೆಂಡರ್ ಆಗಿದ್ದರು. ಗಂಡ ಅಲ್ಲೇ ವಾಚ್‌ಮನ್ ಆಗಿದ್ದು ಸತ್ತಾಗ, ಅನುಕಂಪದ ಮೇಲೆ ಸಿಕ್ಕ ಕೆಲಸ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಹೋಗಿತ್ತು. ಹುಟ್ಟೂರು ತಗಡೂರು. ಬೆಳಗ್ಗೆ ಬಂದು ಕಸ ಗುಡಿಸಿ, ಗಾಜಿನ ಸಾಮಾನು ತೊಳೆದಿಟ್ಟು, ಡಾರ್ಕ್ ರೂಮಿನ ಕಪ್ಪು ಪರದೆ ಎಳೆದು, ಆ ದಿನದ ಪ್ರಯೋಗಕ್ಕೆ ಬೇಕಾದ್ದನ್ನೆಲ್ಲ ಜೋಡಿಸಿಡುವುದು ಅವರ ಕೆಲಸ. ಜೋಡಿಸಿದ್ದು ಸರಿಯಿದೆಯೇ ಎಂದು ನೋಡುವುದು ಲೆಕ್ಚರರ್ ಕೆಲಸ. ನಮ್ಮ ಲೆಕ್ಚರರ್ ರುದ್ರೇಶ್ ಬಾಗಿಲಲ್ಲೇ ನಿಂತು 'ಎಲ್ಲ ರೆಡಿನಾ ಮುದ್ದಮ್ಮ?' ಎಂದು ಕೇಳಿ, ಉತ್ತರಕ್ಕೆ ಕಾಯದೆ ಸ್ಟಾಫ್ ರೂಮಿಗೆ ವಾಪಸಾಗುತ್ತಿದ್ದರು. ಅಲ್ಲಿ ಟೀ ಬರುತ್ತಿತ್ತು. ಟೀ ತರುತ್ತಿದ್ದವರೂ ಮುದ್ದಮ್ಮನೇ. ಅವರ ಲೋಟ ಮಾತ್ರ ಕಿಟಕಿಯ ಆಚೆ ಕಟ್ಟೆಯ ಮೇಲೆ ಇರುತ್ತಿತ್ತು. ಅದು ಯಾಕೆ ಅಲ್ಲಿದೆ ಎಂದು ಮೂರು ವರ್ಷದಲ್ಲಿ ನಾನು ಒಮ್ಮೆಯೂ ಕೇಳಲಿಲ್ಲ. ನನಗೆ ಗೊತ್ತಿತ್ತು.

ಪ್ರಯೋಗ ಮಾಡದೆ ರೀಡಿಂಗ್ ಬರೆಯುವುದು ನಮ್ಮ ಪದ್ಧತಿ. ಹಿಂದಿನ ವರ್ಷದವರ ರೆಕಾರ್ಡ್ ತಂದು ಅಂಕಿಗಳನ್ನು ಎತ್ತಿಕೊಳ್ಳುತ್ತಿದ್ದೆವು. ಒಮ್ಮೆ ಮುದ್ದಮ್ಮ ನನ್ನ ರೆಕಾರ್ಡಿನ ಮೇಲೆ ಕಣ್ಣು ಹಾಯಿಸಿ, 'ಈ ರೀಡಿಂಗು ನಾಕು ವರ್ಷದ ಇಂದೆ ಒಬ್ಬ ಬರ್ದದ್ದು. ಅವನೂ ಕದ್ದದ್ದೇ' ಎಂದರು. ನಾನು ನಕ್ಕೆ. ರುದ್ರೇಶ್ ಅದಕ್ಕೆ ಹತ್ತಕ್ಕೆ ಒಂಬತ್ತು ಕೊಟ್ಟರು. ಹೀಗೆ ಬಿ.ಎಸ್ಸಿ. ಮುಗಿಸಿ, ಬಿ.ಎಡ್. ಮಾಡಿ, ಹುಲ್ಲಹಳ್ಳಿ ರಸ್ತೆಯ ಒಂದು ಹಳ್ಳಿಯ ಹೈಸ್ಕೂಲಿಗೆ ನಾನು ವಿಜ್ಞಾನದ ಮೇಷ್ಟ್ರಾದೆ. ಹೆಸರು ಬಸವಪ್ರಸಾದ್.

ಮುದ್ದಮ್ಮ ನಿವೃತ್ತರಾಗಿ ಅದೇ ಹಳ್ಳಿಯಲ್ಲಿ ಮಗನ ಮನೆಯಲ್ಲಿದ್ದಾರೆ ಎಂಬುದು ನನಗೆ ತಿಳಿದದ್ದು ಒಂದು ಪ್ರಶ್ನೆಯಿಂದ. ಎಂಟನೇ ತರಗತಿಯಲ್ಲಿ ಅಳತೆಗಳ ಪಾಠ ಮಾಡುತ್ತಿದ್ದೆ. ಪಲ್ಲವಿ ಎಂಬ ಹುಡುಗಿ ಎದ್ದು ನಿಂತಳು.

'ಸಾರ್, ಉದ್ದನ ಮೀಟರಲ್ಲಿ ಅಳೀತೀವಿ, ತೂಕನ ಕೆಜೀಲಿ ಅಳೀತೀವಿ. ಬೆಳಕನ್ನ ಯಾವುದ್ರಲ್ಲಿ ಅಳೀತಾರೆ?'

'ವ್ಯಾಟ್' ಎಂದೆ. 'ಮನೇಲಿ ಬಲ್ಬ್ ಮೇಲೆ ಬರ್ದಿರಲ್ವಾ? ಕೂತ್ಕೋ.'

ಮರುದಿನ ಹಾಜರಿ ಮುಗಿಯುವ ಮೊದಲೇ ಕವನ ಎಂಬ ಇನ್ನೊಬ್ಬಳು ಎದ್ದಳು.

'ಸಾರ್, ನೀವು ಹೇಳಿದ್ದು ತಪ್ಪಂತೆ. ನಮ್ಮಜ್ಜಿ ಹೇಳ್ತು.'

'ಯಾವ ಅಜ್ಜಿ?'

'ಮುದ್ದಮ್ಮಜ್ಜಿ ಸಾರ್. ಕಾಲೇಜಲ್ಲಿ ಕೆಲಸ ಮಾಡ್ತಿತ್ತು. ನಿಮ್ಮನ್ನ ಗೊತ್ತಂತೆ.'

ನನ್ನ ಬಾಯಿ ಅಲ್ಲಿಗೇ ಮುಚ್ಚಬೇಕಿತ್ತು. 'ಇನ್ನೇನು ಹೇಳಿದ್ರು?' ಎಂದು ಕೇಳಿಬಿಟ್ಟೆ.

'ಅವತ್ತೂ ಕಾಪಿ ಒಡೀತಿದ್ದ, ಇವತ್ತೂ ಓದಿಲ್ಲ ಅಂತು ಸಾರ್.'

ನಲವತ್ತೆರಡು ಮಕ್ಕಳು ಒಟ್ಟಿಗೆ ನಕ್ಕರೆ ಆ ಕೋಣೆಯ ಶೀಟು ಅದುರುತ್ತದೆ ಎಂಬುದು ಅಂದು ತಿಳಿಯಿತು.

ಶನಿವಾರ ಮಧ್ಯಾಹ್ನ ನನ್ನ ಮರ್ಯಾದೆ ಉಳಿಸಿಕೊಳ್ಳಲೆಂದು ಅವರ ಮನೆಗೆ ಹೋದೆ. ಮುದ್ದಮ್ಮ ಜಗಲಿಯಲ್ಲಿ ಕೂತು ಮೊರದಲ್ಲಿ ಹುರುಳಿ ಹಸನು ಮಾಡುತ್ತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಕಣ್ಣು ಹಾಗೇ ಇತ್ತು.

'ಬಾ ಪ್ರಸಾದು. ವ್ಯಾಟ್ ತಂದ್ಯಾ?'

'ಮುದ್ದಮ್ಮೋರೆ, ಮಕ್ಕಳ ಮುಂದೆ ಹಾಗೆ ಹೇಳಿ ಕಳಿಸಬಾರದಿತ್ತು.'

'ನೀನು ಮಕ್ಕಳ ಮುಂದೆ ಅಂಗ್ ಯೇಳ್ಬಾರದಿತ್ತು. ವ್ಯಾಟ್ ಅಂದ್ರೆ ಬಲ್ಬು ಎಷ್ಟು ಕರೆಂಟ್ ಉಣ್ತದೆ ಅಂತ. ಉಂಡೋರೆಲ್ಲ ಅಷ್ಟೇ ಕೆಲಸ ಮಾಡ್ತಾರಾ? ನಿಮ್ಮ ಕಾಲೇಜಲ್ಲಿ ನೋಡ್ಲಿಲ್ವಾ ನೀನು?'

ನಾನು ಸೋಲಲಿಲ್ಲ. ಈಗ ಅದಕ್ಕೆಲ್ಲ ಮೊಬೈಲಿನಲ್ಲಿ ಆ್ಯಪ್ ಇದೆ, ಬೆಳಕು ಎಷ್ಟಿದೆ ಎಂದು ಅದೇ ತೋರಿಸುತ್ತದೆ ಎಂದೆ. ಮುದ್ದಮ್ಮ ಒಳಗಿದ್ದ ಕವನಳನ್ನು ಕರೆದು, ಬರುವ ಶನಿವಾರ ಇನ್ನಿಬ್ಬರು ಮಕ್ಕಳನ್ನು ಕರೆದುಕೊಂಡು, ಮೂರು ಮೊಬೈಲು ಹೊಂದಿಸಿಕೊಂಡು ಬರಲು ಹೇಳಿದರು. ನನಗೂ ಹೇಳಿದರು. ಕರೆದದ್ದಲ್ಲ, ಹೇಳಿದ್ದು.

ಆ ಶನಿವಾರ ಕವನ, ಪಲ್ಲವಿ, ಜೊತೆಗೆ ಮಧುಕುಮಾರ್ ಎಂಬ ಸೌಮ್ಯ ಸ್ವಭಾವದ ಹುಡುಗ ಬಂದರು. ಮೂರು ಮೊಬೈಲನ್ನೂ ಜಗಲಿಯ ಮೇಲೆ ಒಂದೇ ಜಾಗದಲ್ಲಿ ಒಂದಾದ ಮೇಲೊಂದು ಇಟ್ಟು ನೋಡಿದೆವು. ಪಲ್ಲವಿಯ ಅಪ್ಪನ ಮೊಬೈಲು ಇನ್ನೂರ ಹನ್ನೆರಡು ಎಂದಿತು. ಮಧುವಿನ ಅಣ್ಣನದು ಮುನ್ನೂರ ನಲವತ್ತು. ನನ್ನದು, ಅಂದರೆ ಮೇಷ್ಟ್ರದು, ಮೂರರಲ್ಲೂ ದುಬಾರಿಯದು, ತೊಂಬತ್ತೇಳು.

'ನಿಮಗೆ ಮೊಬೈಲ್ ಯೇಳ್ತದೆ' ಎಂದರು ಮುದ್ದಮ್ಮ. 'ಮೊಬೈಲ್‌ಗೆ ಯಾರ್ ಯೇಳವ್ರೆ?'

ಅವರು ಎದ್ದು ನಮ್ಮನ್ನು ಒಳಗಿನ ಉಗ್ರಾಣದ ಕೋಣೆಗೆ ಕರೆದೊಯ್ದರು. ಕಿಟಕಿಗೆ ಆಗಲೇ ಗೋಣಿಚೀಲ ಕಟ್ಟಿದ್ದರು. ಬಾಗಿಲು ಮುಂದಕ್ಕೆ ಮಾಡಿದರೆ ಕೈ ಕಾಣದಷ್ಟು ಕತ್ತಲೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ನೇರ ಗೆರೆ, ಅದರ ಮೇಲೆ ಇಂಚಿನ ಗುರುತುಗಳು. ಗೆರೆಯ ನಡುವೆ, ಸೀಳಿದ ಬಿದಿರುಕಡ್ಡಿಗೆ ಸಿಕ್ಕಿಸಿದ ನೋಟ್‌ಬುಕ್ಕಿನ ಒಂದು ಬಿಳಿ ಹಾಳೆ. ಹಾಳೆಯ ಮಧ್ಯೆ ಕಡಲೆಕಾಯಿ ಎಣ್ಣೆಯ ಒಂದು ತೊಟ್ಟು ಹರಡಿ ಎಂಟಾಣೆಯಗಲದ ಕಲೆಯಾಗಿತ್ತು.

ಮುದ್ದಮ್ಮ ಹಾಳೆಯ ಈಚೆ ಒಂದು ಮೇಣದ ಬತ್ತಿ ಹಚ್ಚಿದರು. 'ಚುಕ್ಕೆ ಎಂಗದೆ?'

'ಕಪ್ಪಗೆ ಕಾಣ್ತದೆ ಅಜ್ಜಿ.'

ಬತ್ತಿಯನ್ನು ಹಾಳೆಯ ಹಿಂದಕ್ಕೆ ಇಟ್ಟರು. ಅದೇ ಚುಕ್ಕೆ ಬೆಳ್ಳಗೆ ಹೊಳೆಯಿತು.

'ಎಣ್ಣೆ ಕುಡ್ದ ಜಾಗದಲ್ಲಿ ಬೆಳಕು ತೂರ್ಕಂಡು ಆಚೆಗೋಯ್ತದೆ. ಒಣಗಿದ ಜಾಗದಲ್ಲಿ ತಿರುಗಿ ಬತ್ತದೆ. ಅಷ್ಟೇಯ. ಈಗ ಎರಡೂ ಕಡೆ ಬತ್ತಿ ಇಕ್ಕುವ.'

ಎರಡು ಬತ್ತಿಗಳನ್ನು ಹಾಳೆಯ ಆಚೀಚೆ ಒಂದೊಂದು ಅಡಿ ದೂರದಲ್ಲಿಟ್ಟರು. ಒಂದನ್ನು ಬೆರಳಿನಿಂದ ಸ್ವಲ್ಪ ಹಿಂದೆ, ಸ್ವಲ್ಪ ಮುಂದೆ ಸರಿಸಿದರು. ಮಧುಕುಮಾರ್ ಬಗ್ಗಿ ನೋಡುತ್ತಿದ್ದವನು ಮೆಲ್ಲಗೆ ಹೇಳಿದ, 'ಚುಕ್ಕೆ ಓಯ್ತು.'

ನಿಜವಾಗಿಯೂ ಹೋಗಿತ್ತು. ಎಣ್ಣೆಯ ಕಲೆ ಎಲ್ಲಿದೆ ಎಂದು ಹುಡುಕಬೇಕಾಗಿತ್ತು. ಈ ಪ್ರಯೋಗದ ಬಗ್ಗೆ ನಾನು ಮೂರು ಪುಟ ಬರೆದು ಒಂಬತ್ತು ಅಂಕ ಪಡೆದಿದ್ದೆ. ಕಣ್ಣಾರೆ ನೋಡಿದ್ದು ಅದೇ ಮೊದಲು.

'ಕಣ್ಣು ದೊಡ್ಡ ಸುಳ್ಳುಬುರುಕ' ಎಂದರು ಮುದ್ದಮ್ಮ. 'ಇದು ಅದಕ್ಕಿಂತ ಎಷ್ಟು ಪಟ್ಟು ಜಾಸ್ತಿ ಅಂತ ಕೇಳು, ಬಾಯಿಗೆ ಬಂದದ್ದು ಯೇಳ್ತದೆ. ಎರಡೂ ಸಮನಾ ಅಂತ ಕೇಳು. ಅದನ್ನ ಮಾತ್ರ ಸರಿಯಾಗಿ ಯೇಳ್ತದೆ. ಚುಕ್ಕೆ ಕಾಣೆಯಾಯ್ತು ಅಂದ್ರೆ ಎರಡೂ ಕಡೆಯಿಂದ ಬೀಳೋ ಬೆಳಕು ಸಮ. ಈಗ ಯೇಳಿ. ಈ ಕಡೆ ಒಂದು ಬತ್ತಿ, ಒಂದು ಅಡಿ ದೂರದಲ್ಲಿ. ಆ ಕಡೆ ಎರಡು ಅಡಿ ದೂರದಲ್ಲಿ ಇಡ್ತೀನಿ. ಸಮ ಮಾಡಕ್ಕೆ ಎಷ್ಟು ಬತ್ತಿ ಬೇಕು?'

ಮಕ್ಕಳು ಮೂವರೂ 'ಎರಡು' ಎಂದರು. ನಾನು ಗಂಟಲು ಸರಿ ಮಾಡಿಕೊಂಡು 'ನಾಲ್ಕು' ಎಂದೆ.

'ಯಾಕೆ?'

'ವಿಲೋಮ ವರ್ಗ ನಿಯಮ.'

'ಅದು ಅದರ ಎಸರು. ನಾನು ಯಾಕೆ ಅಂತ ಕೇಳ್ದೆ.'

ನಾನು ಇನ್ನೊಮ್ಮೆ ಗಂಟಲು ಸರಿ ಮಾಡಿಕೊಂಡೆ. ಮುದ್ದಮ್ಮ ಅಂಗೈಯಗಲದ ಚೌಕದ ರಟ್ಟೊಂದನ್ನು ಮೇಣದ ಬತ್ತಿಯಿಂದ ಒಂದು ಅಡಿ ದೂರ ಹಿಡಿದು, ಪಲ್ಲವಿಯ ಕೈಗೆ ಒಂದು ಬಿಳಿ ಹಲಗೆ ಕೊಟ್ಟು ಎರಡು ಅಡಿ ದೂರದಲ್ಲಿ ಹಿಡಿಯಲು ಹೇಳಿದರು. ಹಲಗೆಯ ಮೇಲೆ ರಟ್ಟಿನ ನೆರಳು ಬಿತ್ತು. ನೆರಳಿನ ಅಂಚನ್ನು ಕವನ ಗೀಚಿಕೊಂಡಳು. ಆಮೇಲೆ ಅದರೊಳಗೆ ಅದೇ ರಟ್ಟನ್ನು ಇಟ್ಟು ಇಟ್ಟು ಅಳೆದರು. ಅಗಲಕ್ಕೆ ಎರಡು, ಉದ್ದಕ್ಕೆ ಎರಡು. ನಾಲ್ಕು ರಟ್ಟು ಹಿಡಿಯಿತು.

'ರಟ್ಟು ತಡೆದ ಬೆಳಕು ಅಷ್ಟೇ' ಎಂದರು. 'ಅದು ಎರಡು ಅಡಿ ತಂಕ ಓಗಿದ್ರೆ ನಾಕು ರಟ್ಟಿನ ಜಾಗಕ್ಕೆ ಅಂಚಿಕೋಬೇಕಿತ್ತು. ಒಂದೊಂದಕ್ಕೆ ಕಾಲು ಭಾಗ. ಅದಕ್ಕೇ ನಾಕು ಬತ್ತಿ ಬೇಕು. ಮೂರು ಅಡಿಗೆ?'

'ಒಂಬತ್ತು' ಎಂದ ಮಧುಕುಮಾರ್. ಅವನಿಗೆ ಗಣಿತದಲ್ಲಿ ಹದಿನೆಂಟು ಬಂದಿತ್ತು. ಪಾಸಾಗಲು ಮೂವತ್ತೈದು ಬೇಕು.

ಮುಂದಿನ ಎರಡು ಶನಿವಾರ ನಾವು ಅಲ್ಲೇ ಇದ್ದೆವು. ಹಿಂದಿನ ಕಾಲದಲ್ಲಿ ಒಂದು ದೀಪ ಎಷ್ಟು ಮೇಣದ ಬತ್ತಿಗೆ ಸಮ ಎಂದೇ ಅಳೆಯುತ್ತಿದ್ದರು, ಬತ್ತಿಯೂ ಒಂದೊಂದು ಒಂದೊಂದು ಥರ ಉರಿಯುವುದರಿಂದ ಆಮೇಲೆ ಅಳತೆಯನ್ನು ಬಿಗಿ ಮಾಡಿ ಕ್ಯಾಂಡೆಲಾ ಎಂದು ಕರೆದರು ಎಂದು ಮುದ್ದಮ್ಮ ಹೇಳಿದರು. ದೀಪದಿಂದ ಸುತ್ತ ಎಲ್ಲ ಕಡೆಗೂ ಹೊರಟ ಬೆಳಕನ್ನೆಲ್ಲ ಸೇರಿಸಿದರೆ ಅದು ಲ್ಯುಮೆನ್. 'ನಿನ್ನ ಪುಸ್ತಕದ ಮೇಲೆ ಎಷ್ಟು ಬಿತ್ತು ಅನ್ನೋದು ಲಕ್ಸ್. ದೀಪ ದೊಡ್ಡದೇ ಇರ್ಬೌದು, ನಿನ್ನ ಪುಸ್ತಕದ ತಾವ್ಕೆ ಬರ್ದಿದ್ರೆ ಏನ್ ಸುಖ?' ಮೂವತ್ತೊಂದು ವರ್ಷ ಪರದೆಯ ಹಿಂದೆ ನಿಂತು ಒಂದೊಂದು ಬ್ಯಾಚಿನ ಮೌಖಿಕ ಪರೀಕ್ಷೆಯನ್ನೂ ಕೇಳಿಸಿಕೊಂಡ ಹೆಂಗಸು. ಹೊರಗಿನ ಪರೀಕ್ಷಕರು ಕೇಳಿದ ಪ್ರಶ್ನೆಗಳೂ ಅವರಿಗೆ ನೆನಪಿದ್ದವು, ನಾವು ಕೊಟ್ಟ ಉತ್ತರಗಳೂ.

ನಮ್ಮೂರಿನ ಲೈಬ್ರರಿಗೆ ಒಂದು ತಿಂಗಳ ಹಿಂದೆ ಹನ್ನೆರಡು ಎಲ್‌ಇಡಿ ಬಲ್ಬುಗಳು ಬಂದಿದ್ದವು. ಕೊಟ್ಟವರು ಊರಿನ ಒಬ್ಬ ಗುತ್ತಿಗೆದಾರರು. ಶಾಲೆಯ ಸಮಿತಿಯಲ್ಲೂ ಅವರಿದ್ದಾರೆ, ಹಾಲಿನ ಡೇರಿಯಲ್ಲೂ ಇದ್ದಾರೆ, ಎಲ್ಲೆಲ್ಲಿ ಕುರ್ಚಿ ಹಾಕುತ್ತಾರೋ ಅಲ್ಲೆಲ್ಲ ಇರುತ್ತಾರೆ. ಬಲ್ಬು ಹಚ್ಚುವ ಸಮಾರಂಭಕ್ಕೆ ಶಾಮಿಯಾನ, ಮೈಕು, ಮೈಸೂರು ಪೇಟ. ಗೋಡೆಯ ಮೇಲೆ ಅವರ ಹೆಸರು ಒಂದೊಂದು ಅಕ್ಷರ ಗೇಣಗಲ ಬರೆಸಿದರು. ಆ ಬಲ್ಬುಗಳ ಬೆಳಕಿನಲ್ಲಿ ಸಲೀಸಾಗಿ ಓದಬಹುದಾಗಿದ್ದುದು ಆ ಹೆಸರೊಂದನ್ನೇ. ಪುಸ್ತಕ ಓದುವ ಮಕ್ಕಳು ಮತ್ತೆ ಕಿಟಕಿಯ ಹತ್ತಿರ ಕೂರತೊಡಗಿದ್ದರು.

ಆ ಬಲ್ಬನ್ನು ಅಳೆಯೋಣ ಎಂದವಳು ಪಲ್ಲವಿ. ಲೈಬ್ರರಿಯವರನ್ನು ಕೇಳಿ ಒಂದನ್ನು ಡಬ್ಬಿಯ ಸಮೇತ ತಂದಳು. ಡಬ್ಬಿಯ ಮೇಲೆ ಹನ್ನೆರಡು ವ್ಯಾಟ್, ಸಾವಿರದ ಇನ್ನೂರು ಲ್ಯುಮೆನ್ ಎಂದಿತ್ತು. ಎದುರಿಗೆ ಮುದ್ದಮ್ಮನ ಮನೆಯ ಬಲ್ಬು, ಒಂಬತ್ತು ವ್ಯಾಟ್, ಒಂಬೈನೂರು ಲ್ಯುಮೆನ್. ಮನೆಯ ಬಲ್ಬನ್ನು ಹಾಳೆಯಿಂದ ನಲವತ್ತೆಂಟು ಇಂಚು ದೂರದಲ್ಲಿ ನಿಲ್ಲಿಸಿ, ಲೈಬ್ರರಿಯ ಬಲ್ಬನ್ನು ಆಚೆಯಿಂದ ಹತ್ತಿರಕ್ಕೆ ತರುತ್ತ ಬಂದರು. ಡಬ್ಬಿಯ ಮಾತು ನಿಜವಾಗಿದ್ದರೆ ಚುಕ್ಕೆ ನಲವತ್ತೆಂಟು ಇಂಚಿಗೂ ಆಚೆಯೇ ಮರೆಯಾಗಬೇಕಿತ್ತು. ಆಗಲಿಲ್ಲ. ನಲವತ್ತೆಂಟಾಯಿತು, ನಲವತ್ತೈದಾಯಿತು, ನಲವತ್ತಾಯಿತು. ಮೂವತ್ತಾರಕ್ಕೆ ಬಂದಾಗ ಮಾಯವಾಯಿತು.

ಮಧುಕುಮಾರ್ ನೆಲದ ಮೇಲೆಯೇ ಲೆಕ್ಕ ಹಾಕಿದ. ನಾಲ್ಕು ಅಡಿ, ಮೂರು ಅಡಿ. ನಾಲ್ಕು ನಾಲ್ಕಲ ಹದಿನಾರು, ಮೂರು ಮೂರಲ ಒಂಬತ್ತು. ಒಂಬೈನೂರನ್ನು ಹದಿನಾರು ಪಾಲು ಮಾಡಿ ಒಂಬತ್ತು ಪಾಲು ತೆಗೆದರೆ ಐನೂರ ಆರು.

'ಸಾವಿರದ ಇನ್ನೂರು ಅಂತ ಬರ್ದವ್ರೆ ಅಜ್ಜಿ. ನಾವೇ ತಪ್ಪು ಮಾಡಿರ್ಬೌದು.'

'ಮಾಡಿರ್ಬೌದು. ಇನ್ನೊಂದಪ ಮಾಡಿ.'

ಇನ್ನೊಂದು ಸಲವಲ್ಲ, ಐದು ಸಲ ಮಾಡಿಸಿದರು. ಬೇರೆ ಬಲ್ಬು ತರಿಸಿದರು. ಬಲ್ಬುಗಳನ್ನು ಆಚೀಚೆ ಬದಲಿಸಿದರು. ಹಾಳೆಯ ಒಂದು ಮಗ್ಗುಲು ಇನ್ನೊಂದಕ್ಕಿಂತ ನುಣುಪಿದ್ದರೂ ಇರಬಹುದು ಎಂದು ಹಾಳೆಯನ್ನೇ ತಿರುಗಿಸಿದರು. ಐನೂರರ ಆಸುಪಾಸು ಬಿಟ್ಟು ಅದು ಮೇಲೇಳಲಿಲ್ಲ.

ಇದನ್ನೇ ಈ ಸಲದ ವಿಜ್ಞಾನ ವಸ್ತು ಪ್ರದರ್ಶನಕ್ಕೆ ಒಯ್ಯೋಣ ಎಂದರು ಮಕ್ಕಳು. ನಾನು ಬೇಡ ಎಂದೆ. ಬಲ್ಬು ಕೊಟ್ಟವರು ದೊಡ್ಡ ಮನುಷ್ಯರು, ಶಾಲೆಗೂ ಬೇಕಾದವರು, ಸುಮ್ಮನೆ ಎರಡು ಮೇಣದ ಬತ್ತಿ ತೋರಿಸಿದರೆ ಸಾಕಲ್ಲ ಎಂದೆ.

'ನೀನು ಎದ್ರಿಕಂಡ್ರೆ ಆ ಬಲ್ಬು ಜಾಸ್ತಿ ಉರೀತದಾ?' ಎಂದು ಕೇಳಿದರು ಮುದ್ದಮ್ಮ. ಮಕ್ಕಳು ನನ್ನ ಮುಖ ನೋಡಿದರು. ಪ್ರದರ್ಶನಕ್ಕೆ ಮಕ್ಕಳ ಹೆಸರು ಕೊಟ್ಟೆ.

ಪ್ರದರ್ಶನ ನಡೆದದ್ದು ತಿ. ನರಸೀಪುರದ ಒಂದು ಕಲ್ಯಾಣ ಮಂಟಪದಲ್ಲಿ. ಫ್ರಿಜ್ಜು ಬಂದಿದ್ದ ಎರಡು ರಟ್ಟಿನ ಡಬ್ಬಿಗಳನ್ನು ಉದ್ದಕ್ಕೆ ಜೋಡಿಸಿ, ಒಳಗೆಲ್ಲ ಕಪ್ಪು ಬಳಿದು, ಉಗ್ರಾಣದ ಕತ್ತಲೆಯನ್ನು ಅದರೊಳಗೆ ಮಾಡಿಕೊಂಡಿದ್ದೆವು. ಬಸ್ಸಿನಲ್ಲಿ ಕಂಡಕ್ಟರ್ ಜಗಳವಾಡಿದ. ಮುದ್ದಮ್ಮ ಮಕ್ಕಳ ಜೊತೆ ಬಂದರು. ಮಂಟಪದಲ್ಲಿ ಸೋಡಾಪುಡಿ ಹಾಕಿ ಉಕ್ಕಿಸುವ ಜ್ವಾಲಾಮುಖಿಗಳೇ ಎಂಟು ಇದ್ದವು. ಕಪಿಲೆ ಕಾವೇರಿಯ ದಡದ ಜನಕ್ಕೆ ಜ್ವಾಲಾಮುಖಿಯ ಚಿಂತೆ ಇಷ್ಟಿದೆಯೆಂದು ನನಗೆ ಗೊತ್ತಿರಲಿಲ್ಲ.

ತೀರ್ಪುಗಾರರಾಗಿ ಬಂದವರು ರುದ್ರೇಶ್. ಈಗ ಅವರು ಡಾಕ್ಟರ್ ರುದ್ರೇಶ್. ಬರಿಯ ರುದ್ರೇಶ್ ಎಂದು ಕರೆದರೆ ಅವರ ಕಿವಿಗೆ ಕೇಳಿಸುವುದಿಲ್ಲ. ಒಂದೊಂದು ಮಾದರಿಯ ಮುಂದೆಯೂ ಅರ್ಧ ನಿಮಿಷ ನಿಂತು, ತಲೆಯಾಡಿಸಿ, ಫೋಟೋಗೆ ಮುಖ ಕೊಟ್ಟು ಮುಂದೆ ಹೋಗುತ್ತಿದ್ದರು. ನಮ್ಮ ಡಬ್ಬಿಯ ಬಳಿ ಬಂದು ಮುದ್ದಮ್ಮನನ್ನು ನೋಡಿದರು.

'ಏನ್ ಮುದ್ದಮ್ಮ, ಇಲ್ಲೂ ಕಸ ಗುಡಿಸೋ ಕೆಲಸ ಸಿಕ್ತಾ?'

'ಊ ಸಾ. ನೀವು ಬತ್ತೀರಿ ಅಂತ ಕರೆಸವ್ರೆ.'

ರುದ್ರೇಶ್ ಅದರ ಅರ್ಥವೇನೆಂದು ಯೋಚಿಸುವಷ್ಟರಲ್ಲಿ ಕವನ ವಿವರಿಸತೊಡಗಿದಳು. ಅವರು ಕೈ ಎತ್ತಿ ತಡೆದರು.

'ಗೊತ್ತಮ್ಮ, ಗೊತ್ತು. ಇದೆಲ್ಲ ನೂರೈವತ್ತು ವರ್ಷದ ಹಳೇ ಮೆಥಡ್ಡು. ಈಗ ಯಾರು ಮಾಡ್ತಾರೆ ಇದನ್ನ? ಲಕ್ಸ್ ಮೀಟರ್ ಅಂತ ಬರುತ್ತೆ, ಕೇಳಿದೀಯಾ?'

'ಕೇಳಿದೀನಿ ಸರ್. ಅದರಲ್ಲೂ ನೋಡ್ಬೇಕು ಅಂತ ಆಸೆ. ನಮ್ಮ ಲೆಕ್ಕ ಸರಿಯಾ ಅಂತ ಗೊತ್ತಾಗ್ತದೆ.'

ಪಕ್ಕದ ಖಾಸಗಿ ಶಾಲೆಯವರ ಮೇಜಿನ ಮೇಲೆ ಒಂದು ಲಕ್ಸ್ ಮೀಟರ್ ಇತ್ತು. ಜನ ಸೇರಿದ್ದರಿಂದ ರುದ್ರೇಶ್ ಅದನ್ನು ತರಿಸಿದರು. ಹಾಳೆ ತೆಗೆದು, ಮನೆಯ ಬಲ್ಬನ್ನು ಮೂರು ಅಡಿ ದೂರ ಇಟ್ಟು, ಮಕ್ಕಳು ಡಬ್ಬಿಯ ನಡುವಿನ ಬಾಗಿಲು ತೆರೆದುಕೊಟ್ಟರು. ಡಾಕ್ಟರ್ ರುದ್ರೇಶ್ ಕಪ್ಪು ಬಟ್ಟೆ ಹೊದ್ದು, ಫ್ರಿಜ್ಜಿನ ಡಬ್ಬಿಯೊಳಗೆ ತಲೆ ತೂರಿಸಿ, ಮೀಟರನ್ನು ಹಿಡಿದರು. ಒಳಗಿಂದ ಧ್ವನಿ ಬಂತು.

'ಹದಿನಾಲ್ಕು. ನೋಡಿದ್ರಾ? ನಿಮ್ಮ ಮನೇ ಬಲ್ಬೇ ಕೆಟ್ಟಿದೆ. ಇದನ್ನ ಇಟ್ಕೊಂಡು ಬೇರೆಯವರ ಬಲ್ಬ್ ಅಳೀತಾರಂತೆ.'

ಯಾರೋ ನಕ್ಕರು. ಕವನಳ ಕಣ್ಣು ತುಂಬಿತು. ಮುದ್ದಮ್ಮ ಡಬ್ಬಿಯ ಹತ್ತಿರ ಬಗ್ಗಿದರು.

'ಸಾ, ತಲೆ ಅತ್ಲಾಗ್ ತಗೀರಿ. ಬಲ್ಬಿಗೆ ಅಡ್ಡ ಅದೆ.'

ತಲೆ ಪಕ್ಕಕ್ಕೆ ಸರಿಯಿತು. ಆಮೇಲೆ ರುದ್ರೇಶ್ ಮೀಟರನ್ನು ಅಲ್ಲೇ ಇಟ್ಟು ಹೊರಬಂದು ಕೂದಲು ನೀವಿಕೊಂಡರು. ಅಂಕಿ ಓದಿದವಳು ಪಲ್ಲವಿ. ನೂರ ಐವತ್ತೆಂಟು. ಲೈಬ್ರರಿಯ ಬಲ್ಬನ್ನು ಅದೇ ಜಾಗಕ್ಕೆ ಹಾಕಿದಾಗ ತೊಂಬತ್ತೊಂದು. ಮಧುಕುಮಾರ್ ಹಾಳೆಯ ಮೇಲೆ ಲೆಕ್ಕ ಹಾಕಿ ಐನೂರ ಹದಿನೆಂಟು ಎಂದ. ಎಣ್ಣೆಯ ಚುಕ್ಕೆ ಐನೂರ ಆರು ಎಂದಿತ್ತು.

'ಅಪ್ರಾಕ್ಸಿಮೇಟ್ಲಿ ಓಕೆ' ಎಂದರು ರುದ್ರೇಶ್. ಏನೋ ಬರೆದುಕೊಂಡು ಒಂಬತ್ತನೇ ಜ್ವಾಲಾಮುಖಿಯೇನಾದರೂ ಇದೆಯೇ ಎಂಬಂತೆ ಆಚೆ ನೋಡುತ್ತ ಹೊರಟುಹೋದರು.

ಮೊದಲ ಬಹುಮಾನ ಸ್ಪೀಕರಿನಲ್ಲಿ ಗುಡುಗುವ ಜ್ವಾಲಾಮುಖಿಗೆ ಬಂತು. ನಮಗೆ ಸಮಾಧಾನಕರ ಬಹುಮಾನ, ಮೂರು ಪ್ರಮಾಣಪತ್ರ. ಅದರ ಕೆಳಗೆ ಮಾರ್ಗದರ್ಶಕ ಶಿಕ್ಷಕರು ಬಸವಪ್ರಸಾದ್ ಎಂದು ಅಚ್ಚಾಗಿತ್ತು. ಅರ್ಜಿ ತುಂಬಿದವನು ನಾನೇ. ಆ ಸಾಲಿನಲ್ಲಿ ಬೇರೆ ಹೆಸರು ಬರೆಯಬಹುದಿತ್ತು, ಜಾಗವೂ ಇತ್ತು, ನೆನಪೂ ಇತ್ತು. ಸಾಲದ್ದಕ್ಕೆ ಮುಖ್ಯೋಪಾಧ್ಯಾಯರು ಪ್ರಾರ್ಥನೆಯ ಹೊತ್ತಿನಲ್ಲಿ ನನಗೆ ಹಾರ ಹಾಕಿದರು. ಹಾಕಿಸಿಕೊಂಡೆ. ರುದ್ರೇಶರನ್ನು ಬಯ್ಯುವುದು ನನಗೆ ಸುಲಭ, ಅವರ ಕೈಯಲ್ಲಿ ಓದಿದವನಲ್ಲವೇ.

ಮೂರು ದಿನ ತಡೆದು ಮುದ್ದಮ್ಮನ ಮನೆಗೆ ಹೋಗಿ, ತಪ್ಪಾಯಿತು, ನಿಮ್ಮ ಹೆಸರು ಹಾಕಬೇಕಿತ್ತು ಎಂದೆ.

'ಹಾರ ಆಕ್ದಾಗ ಯೇಳ್ಬೇಕಿತ್ತು' ಎಂದರು. 'ಒಬ್ನೇ ಬಂದು ಜಗ್ಲಿ ಮೇಲೆ ಯೇಳ್ದ್ರೆ ಯಾರಿಗ್ ಕೇಳ್ತದೆ?'

ಮರುದಿನ ಪ್ರಾರ್ಥನೆಯಲ್ಲಿ ಹೇಳಿದೆ. ಮುಖ್ಯೋಪಾಧ್ಯಾಯರು ಗಡಿಯಾರ ನೋಡಿಕೊಂಡರು.

ಮಕ್ಕಳು ನನಗಾಗಿ ಕಾಯಲಿಲ್ಲ. ತಮ್ಮ ಅಳತೆಯ ಕೋಷ್ಟಕವನ್ನು ದಪ್ಪ ಅಕ್ಷರದಲ್ಲಿ ಬರೆದು ಲೈಬ್ರರಿಯ ಗೋಡೆಯಲ್ಲಿ ದಾನಿಯ ಹೆಸರಿನ ಕೆಳಗೆ ಅಂಟಿಸಿದರು. ಡಬ್ಬಿ ಹೇಳುವುದು ಇಷ್ಟು, ಬಲ್ಬು ಕೊಡುವುದು ಇಷ್ಟು. ಬೈಗುಳ ಒಂದೂ ಇರಲಿಲ್ಲ. ಎರಡು ದಿನದಲ್ಲಿ ಗುತ್ತಿಗೆದಾರರು ಲೈಬ್ರರಿಗೆ ಬಂದರು. ಮುದ್ದಮ್ಮನನ್ನು ಕರೆಸಿದರು. ನಾನೂ ಹೋದೆ.

'ಏನಮ್ಮ, ನೀನು ದೊಡ್ಡ ಸೈಂಟಿಸ್ಟಾ? ಧರ್ಮಕ್ಕೆ ಕೊಟ್ಟ ಬಲ್ಬಿಗೂ ತಕರಾರಾ?'

ಮುದ್ದಮ್ಮ ಮೇಜಿನ ಮೇಲಿದ್ದ ಪೇಪರನ್ನು ಅವರ ಮುಂದಿಟ್ಟರು. 'ನಾನ್ಯಾವ ಸೈಂಟಿಸ್ಟು ಬುಡಿ ಸಾಮಿ. ಇದನ್ನ ಸ್ವಲ್ಪ ಓದಿ ಯೇಳಿ. ಸಣ್ಣ ಅಕ್ಷರದ್ದು, ಟೆಂಡರ್ ಪ್ರಕಟಣೆ.'

ಹೊರಗೆ ಮೋಡ ಕವಿದಿತ್ತು. ಗುತ್ತಿಗೆದಾರರು ಪೇಪರನ್ನು ಹತ್ತಿರ ಹಿಡಿದರು, ದೂರ ಹಿಡಿದರು, ಕನ್ನಡಕ ಒರೆಸಿದರು. ಟೆಂಡರ್ ಪ್ರಕಟಣೆ ಓದುವುದರಲ್ಲಿ ಅವರನ್ನು ಮೀರಿಸುವವರು ತಾಲ್ಲೂಕಿನಲ್ಲಿಲ್ಲ. ಕೊನೆಗೆ ಪೇಪರ್ ಹಿಡಿದುಕೊಂಡೇ ಎದ್ದು ಕಿಟಕಿಯ ಕಡೆಗೆ ನಾಲ್ಕು ಹೆಜ್ಜೆ ಹಾಕಿದರು. ಅಲ್ಲಿ ಕೂತಿದ್ದ ಪುಟ್ಟ ಹುಡುಗಿಯೊಬ್ಬಳು ಜಾಗ ಬಿಟ್ಟುಕೊಟ್ಟಳು. ಆಗ ತಾವು ಮಾಡಿದ್ದೇನೆಂದು ಅವರಿಗೆ ಹೊಳೆಯಿತು. 'ಸಪ್ಲೈ ಮಾಡಿದವನು ಮೋಸ ಮಾಡಿದ್ದಾನೆ' ಎಂದು ಗೊಣಗಿ ಹೋದರು.

ಹದಿನೈದು ದಿನಕ್ಕೆ ಹೊಸ ಬಲ್ಬುಗಳು ಬಂದವು. ಮತ್ತೆ ಶಾಮಿಯಾನ, ಮತ್ತೆ ಪೇಟ. ಗೋಡೆಯ ಮೇಲೆ ಅವರ ಹೆಸರಿನ ಕೆಳಗೆ 'ಎರಡನೇ ಬಾರಿಯ ಕೊಡುಗೆ' ಎಂದು ಬರೆಸಿದರು. ಆ ಸಾಲು ಬರೆಯಲು ಮಕ್ಕಳ ಕೋಷ್ಟಕ ಕಿತ್ತು ಹಾಕಬೇಕಾಯಿತಂತೆ. ಮುದ್ದಮ್ಮನನ್ನು ವೇದಿಕೆಗೆ ಕರೆಯಲಿಲ್ಲ. ಅವರು ಹಿಂದೆ ಮಕ್ಕಳ ಜೊತೆ ನಿಂತಿದ್ದರು. ಭಾಷಣ ಮುಗಿಯುವ ಮೊದಲೇ ಪಲ್ಲವಿ ಒಂದು ಬಲ್ಬು ಕೇಳಿಕೊಂಡು ಬಂದಳು. ಅಂದು ಸಂಜೆಯೇ ಅಳೆದರು. ಸಾವಿರದ ಎಪ್ಪತ್ತು.

'ಇನ್ನೂ ನೂರಮೂವತ್ತು ಕಮ್ಮಿ ಅಜ್ಜಿ.'

'ಅಷ್ಟು ಎಚ್ಚು ಕಮ್ಮಿ ಬತ್ತದೆ, ಬುಡು. ನಮ್ಮ ಕಣ್ಣಿಂದೂ ತಪ್ಪಿರ್ತದೆ.'

ಈಗ ಸಂಜೆ ಲೈಬ್ರರಿಯಲ್ಲಿ ಮಕ್ಕಳು ಮೇಜಿನ ಸುತ್ತ ಕೂರುತ್ತಾರೆ. ಶನಿವಾರ ಉಗ್ರಾಣಕ್ಕೆ ಬರುವವರು ಒಂಬತ್ತು ಜನರಾಗಿದ್ದಾರೆ, ನನ್ನನ್ನು ಬಿಟ್ಟು. ಮಧುಕುಮಾರ್ ಗಣಿತದಲ್ಲಿ ಮೂವತ್ತೊಂಬತ್ತು ತೆಗೆದ. ಹೋದ ವಾರ ಪಲ್ಲವಿ ತರಗತಿಯಲ್ಲಿ ಮತ್ತೆ ಎದ್ದು ನಿಂತಳು.

'ಸಾರ್, ಸೂರ್ಯ ಎಷ್ಟು ಮೇಣದ ಬತ್ತಿಗೆ ಸಮ?'

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೆ. ಶನಿವಾರ ಮುದ್ದಮ್ಮನನ್ನು ಕೇಳಿದೆವು. ಅವರು ಗೋಣಿಚೀಲ ಬಿಚ್ಚಿ, ಕಿಟಕಿಯಿಂದ ಬಿದ್ದ ಬಿಸಿಲಿನ ಪಟ್ಟೆಯನ್ನು ಬಹಳ ಹೊತ್ತು ನೋಡಿದರು.

'ಅದನ್ನ ಯಾವ ಪರೀಕ್ಷಕನೂ ಕೇಳ್ಲಿಲ್ಲ ಕಣವ್ವ. ನಂಗೂ ಗೊತ್ತಿಲ್ಲ' ಎಂದರು. ಆಮೇಲೆ ನನ್ನ ಕಡೆ ತಿರುಗಿ, 'ಇಲ್ಲಿಂದ ಸೂರ್ಯ ಎಷ್ಟು ದೂರ ಅದೆ ಅಂತಾದ್ರೂ ನಿನ್ನ ಪುಸ್ತಕದಲ್ಲಿ ಬರ್ದದಾ? ತಗೊಂಡ್ ಬಾ ಓಗು' ಎಂದರು. ನಾನು ಚಪ್ಪಲಿ ಮೆಟ್ಟಿಕೊಂಡು ಶಾಲೆಯ ಕಡೆ ಹೊರಟೆ.